120 ಬಿಎಚ್‌ಪಿ (ಅಶ್ವಶಕ್ತಿ) ಎಂಜಿನ್, ಚಕ್ರದ ಹತ್ತಿರ 99. ಉಳಿದ 21 ಎಲ್ಲಿ ಹೋಯ್ತು? ಗಾಡಿಯ ‘ಗುಣ’ಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಾಲ್ಕನೇಗೇರ್ ಅನ್ನೋ ಹೆಸರಿನವರು ಕೇಳಿದ್ದು:

ಗಾಡಿ 1.6 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ, 5 ಗೇರಿನ ಮ್ಯಾನುವಲ್, ಮುಂದಿನ ಚಕ್ರಕ್ಕೆ ಡ್ರೈವ್. ತಯಾರಕರ ಲೆಕ್ಕದಲ್ಲಿ 6,000 ಆರ್‌ಪಿಎಂಗೆ 120 ಬಿಎಚ್‌ಪಿ. ರೋಲರ್ ಡೈನೊ (ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ನಾಲ್ಕನೇ ಗೇರಿನಲ್ಲಿ ಸಿಕ್ಕಿದ್ದು 99. ಆಮೇಲೆ ಕ್ಲಚ್ ಒತ್ತಿ ರೋಲರ್ ತಾನಾಗಿ ನಿಧಾನ ಆಗೋಕೆ ಬಿಟ್ಟು, ‘ನಷ್ಟ 22’ ಅಂತ ಅಳೆದು, ಎರಡನ್ನೂ ಕೂಡಿಸಿ ‘ಫ್ಲೈವೀಲ್‌ನಲ್ಲಿ (ಎಂಜಿನ್ ತುದಿಯ ಭಾರದ ತಟ್ಟೆಯಲ್ಲಿ) 121’ ಅಂತ ಚೀಟಿ ಬಂದಿದೆ. ಎರಡು ಸಣ್ಣ ರೋಲರ್ ಮಧ್ಯೆ ಟೈರ್ ಕೂರುವ ಥರದ ಡೈನೊ. ಗಾಡಿಯನ್ನು ಪಟ್ಟಿ ಹಾಕಿ ಬಿಗಿದಿತ್ತು. ಎಂಜಿನ್ ಬಿಸಿಯಾಗೋವರೆಗೆ ನಿಂತಲ್ಲೇ ಓಡಿಸಿ ನೇರ ಅಳತೆಗೆ ಹೋದದ್ದು.

‘ಮುಂಚಕ್ರದ ಡ್ರೈವ್ ಆದರೆ 15%, ಹಿಂಚಕ್ರ ಆದರೆ 20%, ನಾಲ್ಕೂ ಚಕ್ರ ಆದರೆ 25% ಕಳೆಯಿರಿ’ ಅನ್ನೋ ಸೂತ್ರ ಎಲ್ಲ ಕಡೆ ಓದ್ತೀವಿ. ಇದು ಎಷ್ಟರಮಟ್ಟಿಗೆ ನಿಜ? 21 ಬಿಎಚ್‌ಪಿ ಗೇರ್‌ಬಾಕ್ಸ್ ಒಳಗೇ ಸುಟ್ಟು ಹೋಗುತ್ತಾ? ತೆಳ್ಳನೆ ಗೇರ್ ಆಯಿಲ್, ಹಗುರ ಫ್ಲೈವೀಲ್, ಹಗುರ ಅಲಾಯ್ ಚಕ್ರ, ಈ ಮೂರರಲ್ಲಿ ಯಾವುದರಿಂದ ಎಷ್ಟು ವಾಪಸ್ ಬರುತ್ತೆ?

ಇನ್ನೊಂದು. ಕಾಗದದ ಮೇಲೆ ಒಂದೇ ಪವರ್, ಒಂದೇ ತೂಕ ಇರುವ ಎರಡು ಗಾಡಿಗಳಲ್ಲಿ ಒಂದು ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಚಿಮ್ಮುತ್ತೆ, ಇನ್ನೊಂದು ಕೇಳಿಸಿಕೊಂಡು, ಯೋಚನೆ ಮಾಡಿ, ಆಮೇಲೆ ಹೊರಡುತ್ತೆ. ಇದಕ್ಕೆ ಕಾರಣ ಡ್ರೈವ್‌ಟ್ರೇನ್ (ಎಂಜಿನ್‌ನಿಂದ ಚಕ್ರದವರೆಗಿನ ಭಾಗಗಳ) ನಷ್ಟವೇ, ಬೇರೆ ಏನಾದರೂ ಇದೆಯಾ?

—

ಹೆಲಿಕಲ್ಹಲ್ಲು:

ಮೊದಲು 21 ಅನ್ನು ಶಾಖಕ್ಕೆ ಬದಲಾಯಿಸಿ ನೋಡಿ. ಕಳೆದುಹೋದ ಪವರ್ ಬೇರೆಲ್ಲೂ ಹೋಗೋ ಹಾಗಿಲ್ಲ, ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಗೆ ಬರಬೇಕು. 21 ಬಿಎಚ್‌ಪಿ ಅಂದರೆ ಸುಮಾರು 16 ಕಿಲೋವಾಟ್. 40 ಕೆಜಿ ತೂಕದ ಒಂದು ಗೇರ್‌ಬಾಕ್ಸ್, ಅದರೊಳಗೆ 2 ಲೀಟರ್ ಆಯಿಲ್. ಅಲ್ಯೂಮಿನಿಯಂ, ಉಕ್ಕು, ಆಯಿಲ್ ಎಲ್ಲ ಸೇರಿಸಿದರೆ ಅದನ್ನು 1 ಡಿಗ್ರಿ ಬಿಸಿ ಮಾಡೋಕೆ ಸುಮಾರು 28 ಕಿಲೋಜೂಲ್ ಸಾಕು. 16 ಕಿಲೋವಾಟ್ ಅದರಲ್ಲೇ ಸುಡ್ತಾ ಇದ್ದರೆ ಮೂರು ನಿಮಿಷದೊಳಗೆ ತಾಪ 100 ಡಿಗ್ರಿ ಏರಬೇಕು. ಕೂಲರ್ ಇಲ್ಲದ ಮ್ಯಾನುವಲ್ ಗೇರ್‌ಬಾಕ್ಸ್ ಇಂಥ ಸ್ಥಿತಿಯಲ್ಲಿ ಒಂದು ದಿನವೂ ಬಾಳಲ್ಲ. ಹಾಗಾಗಿ ಆ 21ರಲ್ಲಿ ದೊಡ್ಡ ಪಾಲು ಗೇರ್‌ಬಾಕ್ಸ್‌ನದ್ದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ಕೆಲಸ ಇದು. ಇಲ್ಲಿ ಎತ್ತು ಟೈರ್.

ನಿಮ್ಮ ಥರದ ಅಡ್ಡ ಕೂರಿಸಿದ ಎಂಜಿನ್‌ನಲ್ಲಿ ಪವರ್ ಎರಡೇ ಜೋಡಿ ಹಲ್ಲು ದಾಟುತ್ತೆ: ಆಯ್ಕೆಯಾದ ಗೇರ್ ಜೋಡಿ, ಆಮೇಲೆ ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೇ ಜೋಡಿ). ಎರಡೂ ಹೆಲಿಕಲ್ (ಓರೆ ಹಲ್ಲಿನವು), ಒಂದೊಂದಕ್ಕೂ ನಷ್ಟ 1%ನ ಆಸುಪಾಸು. ಅಲ್ಲಿಗೆ ಎರಡೂವರೆ ಬಿಎಚ್‌ಪಿ ಹೋಯ್ತು. ಬೇರಿಂಗ್, ಸೀಲ್ ಮತ್ತು ಆಯಿಲ್ ಕಡೆತಕ್ಕೆ (ಗೇರುಗಳು ತಿರುಗ್ತಾ ಆಯಿಲ್ ಕಡೆಯೋದಕ್ಕೆ) ಆ ವೇಗದಲ್ಲಿ 3 ಇಟ್ಟುಕೊಳ್ಳಿ. ಸಿವಿ ಜಾಯಿಂಟ್ (ಚಕ್ರಕ್ಕೆ ಹೋಗುವ ಶಾಫ್ಟಿನ ಬಾಗುವ ಕೀಲು) ಸಣ್ಣ ಕೋನದಲ್ಲಿ ತಿನ್ನೋದು ಅರ್ಧ, ಮುಕ್ಕಾಲು. ಒಟ್ಟು 6.

ಈಗ ಟೈರ್. ಮುಂದಿನ ಆಕ್ಸಲ್ ಮೇಲೆ 700 ಕೆಜಿ, ಪಟ್ಟಿ ಎಳೆದದ್ದು ಇನ್ನೊಂದು 300 ಕೆಜಿಯಷ್ಟು ಅಂದುಕೊಂಡರೆ ರೋಲರ್ ಮೇಲೆ 10,000 ನ್ಯೂಟನ್ ಭಾರ. ಚಪ್ಪಟೆ ರಸ್ತೆಯಲ್ಲಿ ಒಳ್ಳೆ ಟೈರಿನ ಉರುಳು ಪ್ರತಿರೋಧ ಭಾರದ 1%ನಷ್ಟು, ಅಂದರೆ 100 ನ್ಯೂಟನ್. ನಾಲ್ಕನೇ ಗೇರಿನಲ್ಲಿ 6,000 ಆರ್‌ಪಿಎಂಗೆ ಗಂಟೆಗೆ 160 ಕಿ.ಮೀ. ಹಿಡಿದರೆ ಅದೇ 4.4 ಕಿಲೋವಾಟ್ ಆಯ್ತು. ಆದರೆ ನಿಮ್ಮದು ಚಪ್ಪಟೆ ರಸ್ತೆ ಅಲ್ಲ. ಸಣ್ಣ ರೋಲರ್ ಟೈರಿನ ಮೈಯನ್ನು ಒಳಮುಖವಾಗಿ ಬಗ್ಗಿಸುತ್ತೆ, ಅದೂ ಒಂದು ಸುತ್ತಿಗೆ ಎರಡು ಜಾಗದಲ್ಲಿ. ಪ್ರತಿರೋಧ ದುಪ್ಪಟ್ಟಾದರೂ ಆಶ್ಚರ್ಯ ಇಲ್ಲ. ಅಂದಾಜು 12 ಬಿಎಚ್‌ಪಿ ಟೈರ್ ಬಗ್ಗಿಸೋಕೇ ಹೋಯ್ತು. ಮೇಲಿಂದ ಟೈರ್ ರೋಲರ್ ಮೇಲೆ ಒಂದೆರಡು ಪರ್ಸೆಂಟ್ ಜಾರುತ್ತೆ. ಡೈನೊ ಲೆಕ್ಕ ಹಾಕೋದು ರೋಲರಿನ ವೇಗದಿಂದ, ಟೈರಿನ ವೇಗದಿಂದ ಅಲ್ಲ; 2% ಜಾರಿದರೆ ಎರಡೂವರೆ ಬಿಎಚ್‌ಪಿ ರಬ್ಬರ್ ಬಿಸಿ ಮಾಡೋಕೆ. 6, 12, 2.5 ಕೂಡಿಸಿ: 20.5.

ಇದು ಅಂದಾಜಿನ ಲೆಕ್ಕ, ಪಾಲು ಅತ್ತಿತ್ತ ಆಗಬಹುದು. ಆದರೆ ರಸ್ತೆಗೆ ಇಳಿದಾಗ ಈ 21ರಲ್ಲಿ ಅರ್ಧದ ಹತ್ತಿರ ಇಲ್ಲವೇ ಇಲ್ಲ. ಅದು ಗಾಡಿಯ ನಷ್ಟ ಅಲ್ಲ, ಅಳತೆ ಮಾಡೋ ವಿಧಾನದ ನಷ್ಟ.

—

ರಿಂಗ್‌ಪಿನಿಯನ್:

ಮೇಲಿನ ಲೆಕ್ಕ ಒಪ್ತೀನಿ. ಪರ್ಸೆಂಟ್ ಸೂತ್ರ ಯಾಕೆ ಸುಳ್ಳು ಅನ್ನೋದು ಅದರಲ್ಲೇ ಕಾಣುತ್ತೆ. ನಷ್ಟಗಳು ಒಂದೇ ಜಾತಿಯವಲ್ಲ. ಹಲ್ಲಿಗೆ ಹಲ್ಲು ಉಜ್ಜುವ ನಷ್ಟ ಟಾರ್ಕ್ (ತಿರುಗಿಸುವ ಬಲ) ಏರಿದಂತೆ ಏರುತ್ತೆ. ಆಯಿಲ್ ಕಡೆತಕ್ಕೆ ಟಾರ್ಕ್‌ನ ಪರಿವೆಯೇ ಇಲ್ಲ, ಅದಕ್ಕೆ ಬೇಕಾದದ್ದು ವೇಗ ಮತ್ತು ಆಯಿಲಿನ ದಪ್ಪ. ಸೀಲ್ ಮತ್ತು ಪ್ರಿಲೋಡ್ ಇರುವ (ಜೋಡಿಸುವಾಗಲೇ ಬಿಗಿದಿಟ್ಟ) ಬೇರಿಂಗ್ ಗಾಡಿ ಮೆಲ್ಲಗೆ ಉರುಳಿದರೂ ತಮ್ಮ ಕಂದಾಯ ವಸೂಲಿ ಮಾಡೇ ಮಾಡ್ತವೆ. ಇದೇ ಗಾಡಿಗೆ ಟರ್ಬೊ ಹಾಕಿ 240 ಬಿಎಚ್‌ಪಿ ಮಾಡಿದರು ಅಂದುಕೊಳ್ಳಿ. 17.5% ಸೂತ್ರದ ಪ್ರಕಾರ ನಷ್ಟ 42 ಆಗಬೇಕು. ನಿಜದಲ್ಲಿ ಕಡೆತದ 3 ಹಾಗೇ ಇರುತ್ತೆ, ಟೈರ್ ಬಗ್ಗುವ 12 ಹಾಗೇ ಇರುತ್ತೆ, ಹಲ್ಲಿನ ಪಾಲು ಎರಡರಷ್ಟಾಗುತ್ತೆ, ಜಾರುವ ಪಾಲು ಎರಡರಷ್ಟಕ್ಕಿಂತ ಜಾಸ್ತಿ. ಕೂಡಿಸಿದರೆ 28-30. ಟ್ಯೂನ್ ಮಾಡಿದ ಗಾಡಿಯ ಚಕ್ರದ ಅಂಕಿಗೆ 15-20% ಸೇರಿಸಿ ಫ್ಲೈವೀಲ್ ಪವರ್ ಹೇಳುವವರು ಇಲ್ಲದ ಕುದುರೆಗಳನ್ನು ಹುಟ್ಟಿಸ್ತಾ ಇರ್ತಾರೆ.

ಹಿಂಚಕ್ರದ ಡ್ರೈವ್‌ಗೆ ಬೇರೆಯದೇ ಲೆಕ್ಕ. ಉದ್ದಕ್ಕೆ ಕೂರಿಸಿದ ಹಳೇ ಕಾಲದ ಗೇರ್‌ಬಾಕ್ಸ್‌ನಲ್ಲಿ ನಾಲ್ಕನೇ ಗೇರ್ ಸಾಮಾನ್ಯವಾಗಿ ನೇರ, 1:1. ಒಳಬರುವ ಶಾಫ್ಟ್ ಮತ್ತು ಹೊರಹೋಗುವ ಶಾಫ್ಟ್ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ತಿರುಗ್ತವೆ, ಲೋಡ್ ಯಾವ ಹಲ್ಲನ್ನೂ ದಾಟಲ್ಲ. ಕೆಳಗಿನ ಶಾಫ್ಟ್ ಸುಮ್ಮನೆ ಆಯಿಲ್ ಕಡೀತಾ ಇರುತ್ತೆ, ಅಷ್ಟೇ. ಡೈನೊದಲ್ಲಿ ಆ ಗೇರನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ. ಆದರೆ ಅಲ್ಲಿ ಉಳಿದದ್ದನ್ನು ಹಿಂದಿನ ಆಕ್ಸಲ್‌ನಲ್ಲಿ ತೆರಬೇಕು, ಬಡ್ಡಿ ಸಮೇತ. ಅಲ್ಲಿರೋದು ಹೈಪಾಯ್ಡ್ ಜೋಡಿ: ಪಿನಿಯನ್‌ನ (ಸಣ್ಣ ಗೇರಿನ) ನಡುಗೆರೆ ರಿಂಗ್ ಗೇರಿನ (ದೊಡ್ಡ ಗೇರಿನ) ನಡುಗೆರೆಗಿಂತ ಕೆಳಗೆ. ಇದರಿಂದ ಪ್ರಾಪ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ಶಾಫ್ಟ್) ಕೆಳಗಿಳೀತು, ಕಾರಿನ ನೆಲವೂ ಇಳೀತು. 1926ರಲ್ಲಿ ಪ್ಯಾಕಾರ್ಡ್ ಕಾರಿನಲ್ಲಿ ಬಂದದ್ದು ಇಂದಿಗೂ ಹೋಗಿಲ್ಲ. ಅದಕ್ಕೆ ತೆತ್ತ ಬೆಲೆ ಏನಂದರೆ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರ್ತವೆ. ನಷ್ಟ 3ರಿಂದ 6%. ಮಾಮೂಲಿ ಆಯಿಲ್ ಪದರ ಆ ಜಾರಿಕೆಯಲ್ಲಿ ಹರಿದುಹೋಗುತ್ತೆ, ಅದಕ್ಕೇ ಗಂಧಕ-ರಂಜಕದ ಅಂಶ ಸೇರಿಸಿದ ಜಿಎಲ್-5 ದರ್ಜೆಯ ಆಯಿಲ್ ಬೇಕಾಗೋದು. ಅದೇ ಜಿಎಲ್-5 ಅನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಹಿತ್ತಾಳೆ ಸಿಂಕ್ರೊ ರಿಂಗ್ (ಗೇರ್ ಹಾಕುವಾಗ ವೇಗ ಹೊಂದಿಸುವ ಉಂಗುರ) ಹಿಡಿಯಬೇಕಾದ ಕಡೆ ಜಾರುತ್ತೆ, ಕೆಲವು ಆಯಿಲ್‌ಗಳಲ್ಲಿ ಹಿತ್ತಾಳೆಯೇ ಸವೆಯುತ್ತೆ.

ಆಟೊಮ್ಯಾಟಿಕ್ ಬಗ್ಗೆ ಚಿಕ್ಕದಾಗಿ: ಟಾರ್ಕ್ ಕನ್ವರ್ಟರ್ (ಕ್ಲಚ್ ಜಾಗದಲ್ಲಿ ಆಯಿಲ್ ಮೂಲಕ ಪವರ್ ದಾಟಿಸುವ ಭಾಗ) ಲಾಕ್ ಆಗುವವರೆಗೆ ಜಾರುತ್ತೆ, ಆ ಜಾರಿಕೆ ಪೂರ್ತಿ ಶಾಖ. ಲಾಕ್ ಆದಮೇಲೆ ಉಳಿಯೋದು ಆಯಿಲ್ ಪಂಪು ಮತ್ತು ಬಿಚ್ಚಿಕೊಂಡಿರುವ ಕ್ಲಚ್ ತಟ್ಟೆಗಳ ಎಳೆತ. ಸಿವಿಟಿಯಲ್ಲಿ (ಗೇರ್ ಬದಲು ಬೆಲ್ಟ್, ಪುಲ್ಲಿ ಇರುವ ಆಟೊಮ್ಯಾಟಿಕ್‌ನಲ್ಲಿ) ಬೆಲ್ಟ್ ಜಾರದ ಹಾಗೆ ಪುಲ್ಲಿಯನ್ನು ಅದುಮಿ ಹಿಡಿಯುವ ಪಂಪ್ ಒತ್ತಡವೇ ದೊಡ್ಡ ಖರ್ಚು. ನಾಲ್ಕು ಚಕ್ರದ ಡ್ರೈವ್‌ನಲ್ಲಿ ಹಿಂದಿನ ಕ್ಲಚ್ ಬಿಟ್ಟುಕೊಂಡಿದ್ದರೂ ಪ್ರಾಪ್ ಶಾಫ್ಟ್ ಮತ್ತು ಹೈಪಾಯ್ಡ್ ಸಾಮಾನ್ಯವಾಗಿ ತಿರುಗ್ತಾನೇ ಇರ್ತವೆ, ಅದಕ್ಕೆ ಪ್ರತ್ಯೇಕ ವಿನಾಯಿತಿ ಇಲ್ಲ.

—

ಕೋಸ್ಟ್‌ಡೌನ್:

ಆ ಚೀಟಿಯಲ್ಲಿ ನನಗೆ ಅನುಮಾನ ಬರೋದು 99ರ ಮೇಲಲ್ಲ, 22ರ ಮೇಲೆ.

ಕ್ಲಚ್ ಒತ್ತಿ ರೋಲರ್ ಬಿಟ್ಟಾಗ ಹಲ್ಲುಗಳ ಮೇಲೆ ಲೋಡ್ ಇರಲ್ಲ. ಹಾಗಾಗಿ ಹಲ್ಲಿನ ಎರಡೂವರೆ ಅದರಲ್ಲಿ ಸಿಕ್ಕಲ್ಲ. ಟೈರ್ ಎಳೀತಾ ಇಲ್ಲ, ಜಾರಿಕೆಯೂ ಸಿಕ್ಕಲ್ಲ. ಹೆಲಿಕಲ್ಹಲ್ಲು ಅವರ ಲೆಕ್ಕದಲ್ಲೇ ಸಿಗಬೇಕಾದ್ದು ಟೈರಿನ 12, ಕಡೆತ-ಬೇರಿಂಗ್-ಸೀಲಿನ 3, ಒಟ್ಟು 15. ಚೀಟಿ 22 ಅನ್ನುತ್ತೆ. ಹೆಚ್ಚಿನ 7 ಎಲ್ಲಿಂದ ಬಂತು?

ಒಂದು ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಂತಲ್ಲೇ ಎಂಜಿನ್ ಬಿಸಿ ಮಾಡಿದರೆ ಕೂಲಂಟ್ 90 ಡಿಗ್ರಿ ತಲುಪುತ್ತೆ, ಗೇರ್ ಆಯಿಲ್ ತಣ್ಣಗೇ ಇರುತ್ತೆ. 75ಡಬ್ಲ್ಯು-90 ದರ್ಜೆಯ ಆಯಿಲ್ 100 ಡಿಗ್ರಿಯಲ್ಲಿ 15 ಸೆಂಟಿಸ್ಟೋಕ್‌ನ (ಆಯಿಲ್ ದಪ್ಪದ ಅಳತೆ) ಸುತ್ತಮುತ್ತ, 40 ಡಿಗ್ರಿಯಲ್ಲಿ 100ರ ಸುತ್ತಮುತ್ತ; 25 ಡಿಗ್ರಿಗೆ ಅದಕ್ಕಿಂತ ಎಷ್ಟೋ ದಪ್ಪ. ತಣ್ಣನೆ ಆಯಿಲ್‌ನಲ್ಲಿ ಕಡೆತದ 3 ಸುಲಭವಾಗಿ ಜಾಸ್ತಿ ಆಗುತ್ತೆ. ಎರಡನೇ ಅನುಮಾನ ಬ್ರೇಕ್ ಮೇಲೆ. ಡಿಸ್ಕಿಗೆ ಪ್ಯಾಡ್ ಒರೆಸಿಕೊಂಡಿದ್ದರೆ ಒಂದೆರಡು ಬಿಎಚ್‌ಪಿ ಗೊತ್ತಾಗದ ಹಾಗೆ ಹೋಗುತ್ತೆ. ಮೂರನೆಯದು ಹೇಳೋಕೆ ಮುಜುಗರ, ಆದರೂ ಈ ಕಸುಬಿನಲ್ಲಿ ಗೊತ್ತಿರುವ ಗುಟ್ಟು: ರೋಲರ್ ನಿಧಾನ ಆಗುವಾಗ ಯಾರಾದರೂ ಬ್ರೇಕ್ ಪೆಡಲಿಗೆ ಬೆರಳಷ್ಟು ಭಾರ ಹಾಕಿದರೆ ‘ನಷ್ಟ’ ಜಾಸ್ತಿ ಕಾಣುತ್ತೆ, ಫ್ಲೈವೀಲ್ ಅಂಕಿ ಸಂತೋಷ ಕೊಡುವಷ್ಟು ಮೇಲೇರುತ್ತೆ. ನಿಮ್ಮಲ್ಲಿ ಹಾಗಾಗಿದೆ ಅಂತ ನಾನು ಹೇಳ್ತಿಲ್ಲ. ಆದರೆ ತಯಾರಕರ ಅಂಕಿಗೆ ಒಂದೇ ಒಂದು ಬಿಎಚ್‌ಪಿ ಹೆಚ್ಚು ಬಂದ 121 ನೋಡಿದರೆ, ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿದೆ ಅಂತಲೇ ನನ್ನ ಊಹೆ.

ಹವಾಮಾನ ತಿದ್ದುಪಡಿ (ಗಾಳಿಯ ತಾಪ, ಒತ್ತಡಕ್ಕೆ ತಕ್ಕಂತೆ ಅಂಕಿ ಸರಿಮಾಡುವ ಮಾನದಂಡ) ಯಾವುದು ಅಂತಲೂ ಚೀಟಿಯಲ್ಲಿ ನೋಡಿ. ಎಸ್‌ಎಇ ಜೆ1349 ಆದರೆ 25 ಡಿಗ್ರಿ, 99 ಕಿಲೋಪಾಸ್ಕಲ್ ಒಣ ಗಾಳಿಗೆ ತಿದ್ದುತ್ತೆ. ಡಿನ್ 70020 ಆದರೆ 20 ಡಿಗ್ರಿ, 101.3 ಕಿಲೋಪಾಸ್ಕಲ್. ಎರಡನೆಯದರಲ್ಲಿ ಗಾಳಿ ದಟ್ಟ, ಅಂಕಿ ಸುಮಾರು 3% ಜಾಸ್ತಿ ಬರುತ್ತೆ. 120ಕ್ಕೆ ಅದೇ ಮೂರೂವರೆ ಬಿಎಚ್‌ಪಿ. ತೆಳ್ಳನೆ ಆಯಿಲ್‌ನಿಂದ ನೀವು ಆಸೆಪಡ್ತಾ ಇರೋದಕ್ಕಿಂತ ಜಾಸ್ತಿ, ಬರೀ ಮೆನುವಿನಲ್ಲಿ ಒಂದು ಆಯ್ಕೆ ಬದಲಾಯಿಸಿದ್ದಕ್ಕೆ.

ಮತ್ತೆ ಅಳೆಯೋದಾದರೆ: ಮೊದಲು 20-25 ನಿಮಿಷ ರಸ್ತೆಯಲ್ಲಿ ಓಡಿಸಿ ಗೇರ್‌ಬಾಕ್ಸ್ ಬಿಸಿ ಮಾಡಿ. ಟೈರ್ ಗಾಳಿ ತಯಾರಕರು ಪೂರ್ತಿ ಲೋಡಿಗೆ ಹೇಳಿದ ಮಟ್ಟಕ್ಕೆ ಇಡಿ, ಬರೆದುಕೊಳ್ಳಿ. ಪಟ್ಟಿಯ ಬಿಗಿ ಪ್ರತಿ ಸಲ ಒಂದೇ ಇರಲಿ. ಗಾಡಿ ಅಲುಗಾಡದಷ್ಟು ಸಾಕು, ಸಸ್ಪೆನ್ಷನ್ ಕೂರುವಷ್ಟು ಬೇಡ. ಒಂದೇ ಗೇರ್, ಒಂದೇ ತಿದ್ದುಪಡಿ, ಕನಿಷ್ಠ ಮೂರು ಓಟ. ಮೊದಲನೆಯದನ್ನು ಎಸೆದು ಉಳಿದ ಎರಡು ಎಷ್ಟು ಹೊಂದುತ್ತವೆ ನೋಡಿ. ಆ ಎರಡರ ನಡುವೆಯೇ 2 ಬಿಎಚ್‌ಪಿ ವ್ಯತ್ಯಾಸ ಇದ್ದರೆ, 2 ಬಿಎಚ್‌ಪಿ ಕೊಡುವ ಯಾವ ಬಿಡಿಭಾಗವನ್ನೂ ಆ ಡೈನೊ ಮೇಲೆ ಪರೀಕ್ಷೆ ಮಾಡೋಕಾಗಲ್ಲ. ಫ್ಲೈವೀಲ್ ಅಂಕಿಯನ್ನು ಮರೆತುಬಿಡಿ. ಚಕ್ರದ ಅಂಕಿ ಮೊದಲು ಎಷ್ಟು, ಆಮೇಲೆ ಎಷ್ಟು ಅನ್ನೋದನ್ನು ಮಾತ್ರ ಹೋಲಿಸಿ.

—

ನಾಲ್ಕನೇಗೇರ್:

ಗೇರ್‌ಬಾಕ್ಸ್ ತಣ್ಣಗಿತ್ತು ಅನ್ನೋದು ಹೊಳೆದೇ ಇರಲಿಲ್ಲ. ಹಾಗಾದರೆ ಗೇರ್‌ಬಾಕ್ಸ್ ಒಳಗಿನ ನಿಜವಾದ ನಷ್ಟ ಬರೀ 6. ಎರಡು ಗಾಡಿಗಳ ನಡುವೆ ಅದರಲ್ಲಿ ಹೆಚ್ಚೆಂದರೆ ಒಂದೆರಡು ಬಿಎಚ್‌ಪಿ ಫರಕು ಇರಬಹುದು. ಮತ್ತೆ ಒಂದು ಚಿಮ್ಮೋದು, ಇನ್ನೊಂದು ಮಂಕಾಗಿರೋದು ಯಾಕೆ?

—

ಜಡತ್ವ:

ನಷ್ಟ ಮತ್ತು ಜಡತ್ವ ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ಫ್ಲೈವೀಲನ್ನು ವೇಗಕ್ಕೆ ತರೋಕೆ ಹೋದ ಶಕ್ತಿ ಕಳೆದುಹೋಗಲ್ಲ, ಅದರೊಳಗೇ ಕೂಡಿರುತ್ತೆ. ಸಮವೇಗದಲ್ಲಿ ಹೋಗುವಾಗ ಅದರ ತೂಕಕ್ಕೆ ಒಂದು ವಾಟ್ ಕೂಡ ಖರ್ಚಿಲ್ಲ. ಆದರೆ ಕಾಲಿಗೆ ಗೊತ್ತಾಗೋದು ಸಮವೇಗ ಅಲ್ಲ, ವೇಗದ ಬದಲಾವಣೆ.

ಎಂಜಿನ್‌ನ ತಿರುಗುವ ಭಾಗಗಳ ಜಡತ್ವ ಫ್ಲೈವೀಲ್, ಕ್ಲಚ್ ಸೇರಿ 0.15 ಕೆಜಿ-ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಮೊದಲ ಗೇರ್ 3.5, ಫೈನಲ್ ಡ್ರೈವ್ 3.7, ಟೈರಿನ ಉರುಳು ತ್ರಿಜ್ಯ 0.30 ಮೀಟರ್. ಗಾಡಿಗೆ ಅದು ಎಷ್ಟು ತೂಕವಾಗಿ ಕಾಣುತ್ತೆ ಅನ್ನೋದಕ್ಕೆ ಒಟ್ಟು ಅನುಪಾತವನ್ನು ತ್ರಿಜ್ಯದಿಂದ ಭಾಗಿಸಿ, ವರ್ಗ ಮಾಡಿ, ಜಡತ್ವದಿಂದ ಗುಣಿಸಿ: 12.95 ಭಾಗಿಸು 0.30, ಅಂದರೆ 43.2, ಅದರ ವರ್ಗ 1,863, ಗುಣಿಸು 0.15. ಬಂದದ್ದು 280 ಕೆಜಿ! ಮೊದಲ ಗೇರಿನಲ್ಲಿ ನೀವು ಗಾಡಿಯ ಜೊತೆ ಕಾಣದ ನಾಲ್ಕು ಜನರನ್ನು ಕೂರಿಸಿಕೊಂಡು ಹೋಗ್ತಾ ಇದ್ದೀರಿ. ಐದನೇ ಗೇರ್ 0.8 ಆದರೆ ಅದೇ ಲೆಕ್ಕದಲ್ಲಿ 15 ಕೆಜಿ. ಅಲ್ಲಿ ಅವರು ಇಳಿದು ಹೋಗಿರ್ತಾರೆ, ಒಂದು ಚೀಲ ಬಿಟ್ಟು.

ಈಗ ಫ್ಲೈವೀಲ್‌ನಿಂದ 3 ಕೆಜಿ ತೆಗೆದರೆ? 12 ಸೆಂ.ಮೀ. ತ್ರಿಜ್ಯದಲ್ಲಿ ಅಂಚಿನಿಂದ ತೆಗೆದರೆ ಜಡತ್ವ 0.043 ಇಳಿಯುತ್ತೆ. ಮೊದಲ ಗೇರಿನಲ್ಲಿ 80 ಕೆಜಿ ಇಳಿಸಿದ ಹಾಗೆ, ಐದನೆಯದರಲ್ಲಿ 4 ಕೆಜಿ. ಪೀಕ್ ಪವರ್‌ಗೆ ಸೊನ್ನೆ. ರೋಲರಿನ ವೇಗ ಏರುವ ದರದಿಂದಲೇ ಪವರ್ ಲೆಕ್ಕ ಹಾಕುವ ಡೈನೊ ಮಾತ್ರ ಇದನ್ನು ‘ಪವರ್ ಜಾಸ್ತಿ’ ಅಂತ ತೋರಿಸುತ್ತೆ, ವೇಗ ಹಿಡಿದಿಟ್ಟು ಅಳೆಯುವ ಡೈನೊ ತೋರಿಸಲ್ಲ. ಒಂದೇ ಗಾಡಿ ಎರಡನೇ ಗೇರಿನಲ್ಲಿ ಕಡಿಮೆ, ನಾಲ್ಕನೆಯದರಲ್ಲಿ ಜಾಸ್ತಿ ಪವರ್ ತೋರಿಸೋಕೂ ಮುಖ್ಯವಾಗಿ ಇದೇ ಕಾರಣ.

ಅಲಾಯ್ ವಿಷಯ. ‘ಚಕ್ರದಲ್ಲಿ 1 ಕೆಜಿ ಇಳಿಸಿದರೆ ಬಾಡಿಯಲ್ಲಿ 10 ಕೆಜಿ ಇಳಿಸಿದ ಹಾಗೆ’ ಅನ್ನೋದು ಬುರುಡೆ. ಎಳೆತದ ಲೆಕ್ಕದಲ್ಲಿ ಅದು 2 ಕೆಜಿ ದಾಟೋಕೆ ಸಾಧ್ಯವೇ ಇಲ್ಲ, ಆ ತೂಕ ಟೈರಿನ ಹೊರಮೈಯಲ್ಲೇ ಇದ್ದರೂ. ರಿಮ್ ಒಳಗೆ ಬಂದಷ್ಟೂ ಒಂದೂವರೆಗೆ ಇಳಿಯುತ್ತೆ. ಹಗುರ ಚಕ್ರದ ಲಾಭ ಬೇರೆ ಕಡೆ ಇದೆ: ಗುಂಡಿಯಿಂದ ಚಕ್ರ ಬೇಗ ಎದ್ದು ರಸ್ತೆ ಹಿಡಿಯುತ್ತೆ, ಸ್ಟೀರಿಂಗ್ ಚುರುಕಾಗುತ್ತೆ.

ಆದರೆ ನಿಮ್ಮ ‘ಯೋಚನೆ ಮಾಡಿ ಹೊರಡೋ’ ಗಾಡಿಯಲ್ಲಿ ಮೊದಲ ಆರೋಪಿ ಫ್ಲೈವೀಲೂ ಅಲ್ಲ, ಸಾಫ್ಟ್‌ವೇರ್. ಪೆಡಲ್ ಮತ್ತು ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ನಡುವೆ ಈಗ ವಿದ್ಯುತ್ ವೈರ್ ಮಾತ್ರ. ಪೆಡಲನ್ನು ಎಷ್ಟು ಒತ್ತಿದರೆ ಥ್ರಾಟಲ್ ಎಷ್ಟು ತೆರೆಯಬೇಕು, ಎಷ್ಟು ಬೇಗ ತೆರೆಯಬೇಕು ಎರಡನ್ನೂ ಇಸಿಯು (ಎಂಜಿನ್ನಿನ ಕಂಪ್ಯೂಟರ್) ನಿರ್ಧರಿಸುತ್ತೆ. ಡ್ರೈವ್ ಶಾಫ್ಟು ಒಂದು ಸ್ಪ್ರಿಂಗ್. ಎಂಜಿನ್ ಥಟ್ಟನೆ ಟಾರ್ಕ್ ಕೊಟ್ಟರೆ ಶಾಫ್ಟ್ ತಿರುಚಿಕೊಂಡು, ಬಿಚ್ಚಿಕೊಂಡು, ಗಾಡಿ ಸೆಕೆಂಡಿಗೆ ಎರಡರಿಂದ ಐದು ಸಲ ಹಿಂದೆ ಮುಂದೆ ತೂಗುತ್ತೆ. ಮೊದಲ ಎರಡು ಗೇರಿನಲ್ಲಿ ಹೊಸಬರು ಕಾಲಿಟ್ಟಾಗ ತಲೆ ಅಲ್ಲಾಡುತ್ತಲ್ಲ, ಅದೇ. ಇದನ್ನು ತಪ್ಪಿಸೋಕೆ ಇಸಿಯು ಟಾರ್ಕ್ ಸೊನ್ನೆ ದಾಟುವ ಗಳಿಗೆಯಲ್ಲಿ ಬೇಕೆಂದೇ ನಿಧಾನ ಮಾಡುತ್ತೆ, ಇಗ್ನಿಷನ್ ಹಿಂದಕ್ಕೆ ತಳ್ಳುತ್ತೆ (ಕಿಡಿ ತಡವಾಗಿ ಕೊಡುತ್ತೆ). ಸೊಗಸಾಗಿ ಮಾಡಿದರೆ ನಯ, ಅತಿ ಮಾಡಿದರೆ ಮಂಕು.

ಸ್ಪೋರ್ಟ್ ಬಟನ್ ಒತ್ತಿದಾಗ ‘ಪವರ್ ಬಂತು’ ಅನ್ನಿಸೋದರಲ್ಲಿ ಅರ್ಧ ಮೋಸ ಇದೆ. 1,500 ಆರ್‌ಪಿಎಂನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಹಾಗಾಗಿ ಥ್ರಾಟಲ್ ಕಾಲುಭಾಗ ತೆರೆಯುವಷ್ಟರಲ್ಲೇ ಟಾರ್ಕ್ ಬಹುಪಾಲು ಬಂದಿರುತ್ತೆ. ಪೆಡಲಿನ ಮೊದಲ ಮೂರನೇ ಒಂದು ಪಾಲಿಗೆ ಎಲ್ಲವನ್ನೂ ತುಂಬಿಸಿಟ್ಟರೆ ಗಾಡಿ ಚೂಟಿ ಅನ್ನಿಸುತ್ತೆ. ಪೂರ್ತಿ ಒತ್ತಿದಾಗ ಕೊಡೋಕೆ ಹೊಸದೇನೂ ಉಳಿದಿರಲ್ಲ.

—

ಡ್ಯಾಂಪರ್:

ಹಗುರ ಫ್ಲೈವೀಲ್ ಹಾಕುವ ಮೊದಲು ಒಂದು ಎಚ್ಚರಿಕೆ. ನಿಮ್ಮದರಲ್ಲಿ ಇರೋದು ಒಂಟಿ ತಟ್ಟೆಯೋ, ಎರಡು ತಟ್ಟೆ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲೋ ನೋಡಿಕೊಳ್ಳಿ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಅರ್ಧ ಸುತ್ತಿಗೊಂದು ಏಟು ಕೊಡುತ್ತೆ. ಆ ಏಟನ್ನು ಗೇರ್‌ಬಾಕ್ಸ್‌ಗೆ ಮುಟ್ಟದಂತೆ ನುಂಗುವುದೇ ಡ್ಯುಯಲ್ ಮಾಸ್ ಕೆಲಸ. ಅದನ್ನು ತೆಗೆದು ಗಟ್ಟಿ ಫ್ಲೈವೀಲ್ ಹಾಕಿದರೆ ಲೋಡ್ ಇಲ್ಲದ ಗೇರುಗಳು ಐಡಲ್‌ನಲ್ಲಿ ಮತ್ತು 2,000 ಆರ್‌ಪಿಎಂ ಒಳಗೆ ಗಲಗಲ ಅನ್ನೋಕೆ ಶುರು. ಕ್ಲಚ್ ಒತ್ತಿದಾಗ ಸದ್ದು ನಿಂತರೆ ಅದೇ ಅಂತ ಖಾತ್ರಿ. ಗಟ್ಟಿ ಫ್ಲೈವೀಲ್ ಜೊತೆ ಮಧ್ಯದಲ್ಲಿ ಸ್ಪ್ರಿಂಗ್ ಇರುವ ಕ್ಲಚ್ ತಟ್ಟೆಯೇ ಹಾಕಬೇಕು. ಡ್ಯುಯಲ್ ಮಾಸ್ ಜೊತೆ ಬಂದ ಸ್ಪ್ರಿಂಗ್ ಇಲ್ಲದ ತಟ್ಟೆಯನ್ನೇ ಉಳಿಸಿಕೊಂಡರೆ ಏಟು ನೇರ ಇನ್‌ಪುಟ್ ಶಾಫ್ಟಿಗೆ. ಹೊರಡುವಾಗ ಎಂಜಿನ್ ಆಫ್ ಆಗೋದು, ಏರಿನಲ್ಲಿ ಜಾಸ್ತಿ ರೇಸ್ ಮಾಡಿ ಕ್ಲಚ್ ಸುಡೋದು ಕೂಡ ಸೇರಿಸಿಕೊಳ್ಳಿ.

ಇದರ ಜೊತೆಗೇ ಮಾರುವ ‘ಹಗುರ ಕ್ರ್ಯಾಂಕ್ ಪುಲ್ಲಿ’ ಅಂತೂ ಮುಟ್ಟಲೇಬೇಡಿ, ಮೂಲ ಪುಲ್ಲಿಯಲ್ಲಿ ಎರಡು ಉಂಗುರದ ಮಧ್ಯೆ ರಬ್ಬರ್ ಪಟ್ಟಿ ಕಂಡರೆ. ಅದು ಬರೀ ಪುಲ್ಲಿ ಅಲ್ಲ, ಕ್ರ್ಯಾಂಕ್ ಶಾಫ್ಟ್ ತಿರುಚಿ ಕಂಪಿಸುವುದನ್ನು ತಡೆಯುವ ಡ್ಯಾಂಪರ್. ಅದಿಲ್ಲದೆ ಯಾವುದೋ ಒಂದು ಆರ್‌ಪಿಎಂನಲ್ಲಿ ಕಂಪನ ಕೂಡಿಕೊಳ್ತಾ ಹೋಗಿ ಪುಲ್ಲಿ ಬೋಲ್ಟ್ ಸಡಿಲ ಆಗಬಹುದು, ಆಯಿಲ್ ಪಂಪ್ ಗೇರ್ ಒಡೆಯಬಹುದು, ಕ್ರ್ಯಾಂಕೇ ಸೀಳಬಹುದು. ಒಂದು ಬಿಎಚ್‌ಪಿ ಆಸೆಗೆ ಎಂಜಿನ್ ಅಡವಿಟ್ಟ ಹಾಗೆ.

—

ಐದುಸಿಲಿಂಡರ್:

ಜಡತ್ವ ಅವರು ಎಲ್ಲವನ್ನೂ ಗಣಿತಕ್ಕೆ ಇಳಿಸಿಬಿಟ್ಟರು. ‘ಗುಣ’ದಲ್ಲಿ ಕಿವಿಗೂ ಬೆನ್ನಿಗೂ ಪಾಲಿದೆ.

ಸದ್ದು ಹುಟ್ಟೋದು ಸ್ಫೋಟಗಳ ನಡುವಿನ ಅಂತರದಿಂದ. ಐದು ಸಿಲಿಂಡರ್‌ಗೆ 144 ಡಿಗ್ರಿಗೊಂದು ಸ್ಫೋಟ, ಎಕ್ಸಾಸ್ಟ್ ಏಟುಗಳು ಒಂದರ ಬಾಲ ಇನ್ನೊಂದರ ಮೇಲೆ ಬೀಳೋದರಿಂದ ಆ ಒರಟು ರಾಗ. 1980ರ ಆಡಿ ಕ್ವಾಟ್ರೊ ಕೇಳಿದವರಿಗೆ ಗೊತ್ತು. ವಿ8ರಲ್ಲಿ ಕ್ರ್ಯಾಂಕ್ ಪಿನ್‌ಗಳು 90 ಡಿಗ್ರಿಗೆ ಇದ್ದರೆ ಒಂದೊಂದು ಸಾಲಿನಲ್ಲಿ ಏಟಿನ ಅಂತರ ಹೆಚ್ಚುಕಡಿಮೆ ಆಗಿ ಗುಡುಗು, ಫೆರಾರಿ ವಿ8ಗಳಂತೆ 180 ಡಿಗ್ರಿಗೆ ಇದ್ದರೆ ಎರಡೂ ಸಾಲು ಸರದಿಯಲ್ಲಿ ಬಂದು ಕಿರುಚು. ಸುಬಾರು ಬಾಕ್ಸರ್ (ಸಿಲಿಂಡರ್‌ಗಳು ಎದುರುಬದುರು ಮಲಗಿರುವ) ಎಂಜಿನ್‌ನ ಹಳೇ ಗುಡುಗುಡು ಸದ್ದಿಗೆ ಎಂಜಿನ್‌ಗಿಂತ ಉದ್ದ-ಗಿಡ್ಡ ಎಕ್ಸಾಸ್ಟ್ ಕೊಳವೆಗಳೇ ಕಾರಣ, ಸಮ ಉದ್ದದ ಕೊಳವೆ ಹಾಕಿದರೆ ಅದು ಮಾಯ.

ಇನ್ನು ಟಾರ್ಕ್ ಗ್ರಾಫಿನ ಆಕಾರ. ಚಪ್ಪಟೆ ಗ್ರಾಫಿನ ಟರ್ಬೊ ಎಂಜಿನ್ ಗಡಿಯಾರದಲ್ಲಿ ಗೆಲ್ಲುತ್ತೆ, ಆದರೆ ಅದರಲ್ಲಿ ಮುಂದೇನು ಅನ್ನೋ ಕುತೂಹಲ ಇಲ್ಲ. 1999ರ ಹೋಂಡಾ ಎಸ್2000ದಲ್ಲಿ 2 ಲೀಟರ್ ಎಂಜಿನ್ 9,000ದವರೆಗೆ ಏರುತ್ತೆ, ಸುಮಾರು 6,000ಕ್ಕೆ ಕ್ಯಾಮ್ (ವಾಲ್ವ್ ತೆರೆಯುವ ಭಾಗ) ಬದಲಾಗಿ ಸ್ವರವೇ ಬದಲಾಗುತ್ತೆ. ಕೆಳಗೆ ಸಾಧು, ಮೇಲೆ ಪುಂಡ. ಒಬ್ಬರಿಗೆ ಅದು ದೋಷ, ಇನ್ನೊಬ್ಬರಿಗೆ ಅದೇ ಕಾರಣಕ್ಕೆ ಗಾಡಿ ಬೇಕು.

ಗೇರುಗಳ ಅಂತರವನ್ನೂ ಇದರ ಜೊತೆಗೇ ನೋಡಬೇಕು. ಮೊದಲನೆಯದು 3.5, ಎರಡನೆಯದು 1.95 ಇದ್ದರೆ 6,000ಕ್ಕೆ ಗೇರ್ ಬದಲಾಯಿಸಿದಾಗ ಎಂಜಿನ್ 3,340ಕ್ಕೆ ಬೀಳುತ್ತೆ. ಮೂರನೆಯದು 1.36 ಇದ್ದರೆ ಅಲ್ಲಿ ಬೀಳೋದು 4,180ಕ್ಕೆ. 4,000ದ ಮೇಲೆ ಮಾತ್ರ ಜೀವ ಬರುವ ಎಂಜಿನ್ ಆದರೆ ಮೊದಲ ಬದಲಾವಣೆಯಲ್ಲಿ ಸಪ್ಪೆ, ಎರಡನೆಯದರಲ್ಲಿ ಚುರುಕು. ನಿಮ್ಮ ಎರಡು ಗಾಡಿಗಳಲ್ಲಿ ಮಂಕು ಅನ್ನಿಸುವುದರ ಎರಡನೇ ಗೇರ್ ಅನುಪಾತ ಎಷ್ಟಿದೆ ಅಂತ ಒಮ್ಮೆ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯಬಹುದು.

ಬೆನ್ನಿಗೆ ಗೊತ್ತಾಗೋದು ಸಡಿಲ ಮತ್ತು ಗಟ್ಟಿತನ. 1989ರ ಮಾಜ್ದಾ ಎಂಎಕ್ಸ್-5ನಲ್ಲಿ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ (ಹಿಂದಿನ ಎರಡು ಚಕ್ರಕ್ಕೆ ಪವರ್ ಹಂಚುವ ಗೇರ್ ಪೆಟ್ಟಿಗೆವರೆಗೆ) ಒಂದು ಅಲ್ಯೂಮಿನಿಯಂ ತೊಲೆ ಇದೆ. ಕಾಲಿಟ್ಟಾಗ ಡಿಫರೆನ್ಷಿಯಲ್ ಮೂಗು ಎತ್ತುವುದನ್ನು, ಎಂಜಿನ್ ವಾಲುವುದನ್ನು ಅದು ತಡೆಯುತ್ತೆ. ಪೆಡಲಿಗೂ ಚಕ್ರಕ್ಕೂ ನಡುವೆ ರಬ್ಬರ್ ಹಿಗ್ಗೋಕೆ ಕಾಯಬೇಕಿಲ್ಲ. ಒಂದು ಬಿಎಚ್‌ಪಿಯೂ ಉಳಿಸದ ಆ ತೊಲೆ ಗಾಡಿಯ ಸ್ವಭಾವದಲ್ಲಿ ಎದ್ದು ಕಾಣುತ್ತೆ. 2012ರ ಟೊಯೋಟಾ ಜಿಟಿ86ರಲ್ಲಿ 200 ಪಿಎಸ್‌ಗೆ (ಬಿಎಚ್‌ಪಿಯಂಥದೇ ಅಳತೆ) ಬೇಕೆಂದೇ ಬರೀ 215 ಮಿ.ಮೀ. ಅಗಲದ ಟೈರ್ ಹಾಕಿದ್ದರು: ಹಿಡಿತ ಕಡಿಮೆ, ಆದರೆ ಜಾರುವ ಗಡಿ ಮೆಲ್ಲಗೆ ಬರುತ್ತೆ, ಬರುವ ಮುಂಚೆ ಹೇಳಿ ಬರುತ್ತೆ.

—

ರಿಂಗ್‌ಪಿನಿಯನ್:

ಸಡಿಲದ ಮಾತು ಬಂದದ್ದರಿಂದ, ಹಿಂಚಕ್ರದ ಗಾಡಿ ಇರುವವರಿಗೆ ಅಳೆಯುವ ದಾರಿ. ಸಮತಟ್ಟು ನೆಲ, ಮುಂದಿನ ಚಕ್ರಕ್ಕೆ ಕಟ್ಟೆ ಕೊಟ್ಟು, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರ ಬಿಗಿ. ಕೆಳಗೆ ಹೋಗಿ ಪ್ರಾಪ್ ಶಾಫ್ಟನ್ನು ಡಿಫರೆನ್ಷಿಯಲ್ ಹತ್ತಿರ ಕೈಯಿಂದ ಅತ್ತಿತ್ತ ತಿರುಗಿಸಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ ಎಷ್ಟು ಡಿಗ್ರಿ ಪ್ಲೇ (ಸಡಿಲ) ಇದೆ ನೋಡಿ. ಪ್ಲೇ ಜಾಸ್ತಿ ಇದ್ದರೆ ಎಲ್ಲರೂ ಮೊದಲು ಬೈಯೋದು ರಿಂಗ್-ಪಿನಿಯನ್‌ಗೆ. ಆದರೆ ಅಲ್ಲಿ ಹಲ್ಲಿನ ಸಡಿಲ 0.15 ಮಿ.ಮೀ., ರಿಂಗ್ ಗೇರಿನ ತ್ರಿಜ್ಯ 90 ಮಿ.ಮೀ., ಅನುಪಾತ 4 ಇದ್ದರೆ ಪ್ರಾಪ್ ಶಾಫ್ಟಿನಲ್ಲಿ ಕಾಣೋದು 0.4 ಡಿಗ್ರಿಯೂ ಇಲ್ಲ. ನಿಮಗೆ 6-8 ಡಿಗ್ರಿ ಕಂಡರೆ ಅದು ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳ ಹಿಂದಿನ ವಾಷರ್ ಸವೆತ, ಆಕ್ಸಲ್ ತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲು) ಸವೆತ, ಇವೆರಡರ ಮೊತ್ತ. ರಿಂಗ್-ಪಿನಿಯನ್ ಬಿಗಿ ಮಾಡಿ ಅದನ್ನು ಸರಿಪಡಿಸೋಕೆ ಹೋದರೆ ಪ್ಲೇ ಹಾಗೇ ಉಳಿಯುತ್ತೆ, ಹಲ್ಲು ಊಳಿಡೋಕೆ ಶುರುವಾಗುತ್ತೆ.

ತೆಳ್ಳನೆ ಆಯಿಲ್ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ನಿಮ್ಮ ಗೇರ್‌ಬಾಕ್ಸ್‌ಗೆ ತಯಾರಕರು 75ಡಬ್ಲ್ಯು-80 ಒಪ್ಪಿದ್ದರೆ ಹಾಕಿ. ಬಿಸಿಯಾದ ಮೇಲೆ ಲಾಭ ಒಂದು ಬಿಎಚ್‌ಪಿಯ ಒಳಗೆ, ತಣ್ಣಗಿರುವಾಗ ಗೇರ್ ಬೀಳೋದು ಸಲೀಸು ಆಗೋದೇ ನಿಜವಾದ ಲಾಭ. ಒಪ್ಪದಿದ್ದರೆ ಬೇಡ. ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿಗೆ ಸರಿಯಾಗಿರಲಿ. ‘ಇರಲಿ ಅಂತ’ ಅರ್ಧ ಲೀಟರ್ ಜಾಸ್ತಿ ಹಾಕಿದರೆ ಕಡೆತ ಹೆಚ್ಚಿ, ನೊರೆ ಬಂದು, ಸೀಲಿನಿಂದ ಸೋರುತ್ತೆ. ಬ್ರೇಕ್ ಒರೆಸುತ್ತಿದೆಯೇ ಅಂತ ನೋಡೋಕೆ, ಹತ್ತು ಕಿ.ಮೀ. ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ, ತಾನಾಗಿ ನಿಲ್ಲಲು ಬಿಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎಡ-ಬಲ ಡಿಸ್ಕ್ ನೋಡಿ. 20-30 ಡಿಗ್ರಿ ವ್ಯತ್ಯಾಸ ಇದ್ದರೆ ಬಿಸಿ ಇರುವ ಕಡೆ ಕ್ಯಾಲಿಪರ್ ಪಿನ್ ಬಿಚ್ಚಿ, ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಚೀಟಿಯಲ್ಲಿನ ಆ ಹೆಚ್ಚುವರಿ 7ರಲ್ಲಿ ಒಂದು ಪಾಲು ಅಲ್ಲೇ ಸಿಗಬಹುದು.

—

ಜಡತ್ವ:

ನನ್ನ ಮೇಲಿನ ಲೆಕ್ಕಕ್ಕೆ ಒಂದು ಷರತ್ತು ಒತ್ತಿ ಹೇಳಬೇಕಿತ್ತು. 3 ಕೆಜಿಗೆ 80 ಕೆಜಿ ಲಾಭ ಬಂದದ್ದು ತೂಕ ಅಂಚಿನಿಂದ ಹೋದರೆ ಮಾತ್ರ. 6 ಸೆಂ.ಮೀ. ತ್ರಿಜ್ಯದಲ್ಲಿ, ಬೋಲ್ಟುಗಳ ಆಚೀಚೆ ತೂತು ಕೊರೆದು ಅದೇ 3 ಕೆಜಿ ತೆಗೆದರೆ ಮೊದಲ ಗೇರಿನಲ್ಲಿ ಸಿಗೋದು 20 ಕೆಜಿ, ಐದನೆಯದರಲ್ಲಿ ಒಂದೇ ಕೆಜಿ. ಬೋಲ್ಟಿನ ಸುತ್ತ ಬಲ ಮಾತ್ರ ಕಡಿಮೆಯಾಗಿರುತ್ತೆ. ಆದ್ದರಿಂದ ಹಗುರ ಫ್ಲೈವೀಲ್ ಮಾರುವವರ ಹತ್ತಿರ ತೂಕ ಕೇಳಬೇಡಿ, ಜಡತ್ವದ ಅಂಕಿ ಕೇಳಿ.